ಚಿಂತಾಮಣಿಯ ಆ ಒಂದು ಪಾಯಿಂಟು

ಬೇಡವೆಂದರೂ ರತ್ನಕ್ಕ ಗೌರಿಬಿದನೂರಿನ ಬಸ್ ನಿಲ್ದಾಣದವರೆಗೆ ಬಂದಳು. ಡಿಸೆಂಬರಿನ ಚಳಿ. ಶಾಲೆಗೆ ರಜ, ಮೇಷ್ಟ್ರಾದ ನಾನು ಮುಸುಕು ಹಾಕಿ ಮಲಗಬೇಕಾದ ಹೊತ್ತು. ಭಾವ ನಾರಾಯಣಸ್ವಾಮಿ ಎರಡು ಟೆನಿಸ್ ರಾಕೆಟ್ಟುಗಳನ್ನು ಹಳೇ ಪಂಚೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಆಗಲೇ ಕಿಟಕಿ ಪಕ್ಕ ಕೂತಿದ್ದರು. ಅಕ್ಕ ನನ್ನ ಕೈಗೆ ಎಳ್ಳುಂಡೆಯ ಡಬ್ಬಿ ಕೊಟ್ಟು, ಅವರಿಗೆ ಕೇಳಿಸದ ಹಾಗೆ ಹೇಳಿದಳು: “ಗೆದ್ರೆ ನೀನು ಎಲ್ಲಿಗಾದ್ರೂ ಹೋಗಪ್ಪ. ಸೋತ್ರೆ ಮಾತ್ರ ಅವ್ರನ್ನ ಒಬ್ಬರನ್ನೇ ಬಿಡಬೇಡ.”

ಭಾವ ನಮ್ಮೂರಿನ ಆಫೀಸರುಗಳ ಕ್ಲಬ್ಬಿನಲ್ಲಿ ಸಂಬಳದ ಟೆನಿಸ್ ಆಟಗಾರರು, ಮಾರ್ಕರ್ ಅನ್ನುತ್ತಿದ್ದರು. ಬೆಳಿಗ್ಗೆ ಕೋರ್ಟಿಗೆ ಸಗಣಿ ಸಾರಿಸಿ ಸುಣ್ಣದ ಗೆರೆ ಎಳೆಯುವುದು, ಸಂಜೆ ಸಾಹೇಬರುಗಳ ಜೊತೆ ಆಡುವುದು. ದುಡ್ಡಿಗೆ ಆಡುವವರನ್ನು ಆಗ ದೊಡ್ಡ ಪಂದ್ಯಗಳಿಗೆ ಸೇರಿಸುತ್ತಿರಲಿಲ್ಲ. ಅಂಥವರಿಗೆಂದೇ ಮದರಾಸಿನಲ್ಲಿ ಬೇರೆ ಪಂದ್ಯ ನಡೆಯುತ್ತಿತ್ತು. ಭಾವ ಎರಡು ಸಲ ಹೋಗಿ, ಎರಡು ಸಲವೂ ಮೊದಲ ಆಟದಲ್ಲೇ ಸೋತು ಬಂದಿದ್ದರು. ಈ ಸಲ ನಮ್ಮ ಕಡೆಯಿಂದ ಒಬ್ಬರನ್ನೇ ಕಳಿಸುವುದೆಂದೂ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳಲ್ಲಿ ಆಟ ಇಟ್ಟು ಆ ಒಬ್ಬರನ್ನು ಆರಿಸುವುದೆಂದೂ ಆಗಿತ್ತು. ಭಾವನಿಗೆ ನಲವತ್ತು ಹತ್ತಿರ. ಇದು ತಪ್ಪಿದರೆ ಇನ್ನಿಲ್ಲವೆಂದು ನಮ್ಮ ಮೂವರಿಗೂ ಗೊತ್ತಿತ್ತು.

ಬಸ್ಸು ಮಂಚೇನಹಳ್ಳಿಯಲ್ಲಿ ಕಾಫಿಗೆ ನಿಂತಿತು. ಕಾಫಿಯೋ ಬಿಸಿನೀರೋ, ದೇವರೇ ಬಲ್ಲ. ಇಪ್ಪತ್ತು ಚಿಲ್ಲರೆ ಮೈಲಿಯ ದಾರಿ ಮುಗಿಸಿ ಚಿಕ್ಕಬಳ್ಳಾಪುರದಲ್ಲಿ ಇಳಿದಾಗ ಬಿಸಿಲು ಬಂದಿತ್ತು, ನಂದಿಬೆಟ್ಟ ಮಾತ್ರ ಇನ್ನೂ ಮಂಜಿನೊಳಗೇ ಇತ್ತು. ಹೋಟೆಲಿನಲ್ಲಿ ಅವರೆಕಾಳಿನ ಉಪ್ಪಿಟ್ಟು ತಿಂದೆವು. ಮಧ್ಯಾಹ್ನದ ಆಟದಲ್ಲಿ ಭಾವ ಎದುರಾಳಿಯನ್ನು ಆ ಮೂಲೆಗೂ ಈ ಮೂಲೆಗೂ ಓಡಿಸಿ ಸುಸ್ತು ಮಾಡಿ ಗೆದ್ದರು. ನಮ್ಮ ಮನೆಯಲ್ಲಿ ನೀರಿನ ಲೋಟ ಕೂಡ ಮೆಲ್ಲಗೆ ಕೇಳುವ ಮನುಷ್ಯ ಇವರೇನಾ ಅನ್ನಿಸಿತು.

ಆಟ ಮುಗಿದ ಮೇಲೆ ಅಲ್ಲಿನ ವಯಸ್ಸಾದ ಅಮಲ್ದಾರರು ತಮಗೂ ಒಂದು ಕೈ ನೋಡುವ ಆಸೆ ಎಂದರು. ಭಾವ ಮತ್ತೆ ಕೋರ್ಟಿಗೆ ಇಳಿದರು. ಈಗ ನೋಡಿದರೆ ಪ್ರತಿ ಚೆಂಡೂ ಅಮಲ್ದಾರರ ರಾಕೆಟ್ಟನ್ನೇ ಹುಡುಕಿಕೊಂಡು ಹೋಗುತ್ತಿದೆ! ಅವರು ಹೇಗೆ ಹೊಡೆದರೂ ಭಾವ “ಚೆನ್ನಾಗಿ ಹೊಡೆದ್ರಿ ಸ್ವಾಮಿ” ಅನ್ನುತ್ತಿದ್ದರು. ಕೊನೆಗೆ ಸೋತು ಕೈಮುಗಿದರು. ಆ ಮುದುಕನ ಕೈಲಿ ಸೋಲುವುದೇ ಎಂದು ನಾನು ದಾರಿಯುದ್ದಕ್ಕೂ ರೇಗಿಸಿದೆ.

“ಅದೇ ನನ್ನ ಕೆಲಸ ಕಣಪ್ಪ,” ಎಂದರು ಭಾವ. “ಸಾಹೇಬರ ರಾಕೆಟ್ಟು ಎಲ್ಲಿದೆಯೋ ಅಲ್ಲಿಗೇ ಚೆಂಡು ಕೊಡ್ಬೇಕು. ಗೆದ್ದು ಮನೆಗೆ ಹೋದ್ರೆ ನಾಳೇನೂ ಬರ್ತಾರೆ. ಹದಿನೈದು ವರ್ಷದಿಂದ ಇದೇ ಅಲ್ವಾ ನಾನು ಮಾಡ್ತಿರೋದು?”

ಮರುದಿನ ಪುಟ್ಟ ರೈಲಿನಲ್ಲಿ ಶಿಡ್ಲಘಟ್ಟಕ್ಕೆ ಹೋದೆವು. ಪಕ್ಕದಲ್ಲಿ ಸೈಕಲ್ಲಿನವನೊಬ್ಬ ನಮಗಿಂತ ಮುಂದೆ ಹೋಗಿ ನಕ್ಕ. ಊರಿಗೆ ಊರೇ ರೇಷ್ಮೆಗೂಡು ಬೇಯಿಸುವ ವಾಸನೆ. ನನಗೆ ಅನ್ನ ಸೇರಲಿಲ್ಲ. ಭಾವ ಮಾತ್ರ ಎರಡು ಮುದ್ದೆ ಉಂಡು, ಆಡಿ, ಅಲ್ಲೂ ಗೆದ್ದರು. ಸಂಜೆ ಛತ್ರದ ಜಗಲಿಯಲ್ಲಿ ಎಳ್ಳುಂಡೆ ತಿನ್ನುತ್ತಾ, ಎಂದೂ ಹೆಚ್ಚು ಮಾತಾಡದವರು ತಾವಾಗಿಯೇ ಮಾತು ಶುರುಮಾಡಿದರು.

“ಈ ಸಲ ರತ್ನನ್ನೂ ಮದರಾಸಿಗೆ ಕರ್ಕೊಂಡು ಹೋಗ್ತೀನಿ. ಸಮುದ್ರ ನೋಡ್ಲಿ. ನಾನೂ ಸರಿಯಾಗಿ ನೋಡಿಲ್ಲ ಕಣಪ್ಪ. ಎರಡು ಸಲವೂ ಸೋತ ದಿನವೇ ರೈಲು ಹತ್ತಿಬಿಟ್ಟೆ.”

ಮೂರನೆಯ ದಿನ ಚಿಂತಾಮಣಿ. ಹೋಟೆಲಿನಲ್ಲಿ, ಬೀದಿಯಲ್ಲಿ ಎಲ್ಲಿ ಕಿವಿಗೊಟ್ಟರೂ ತೆಲುಗು. ಕೋರ್ಟಿನ ಸುತ್ತ ಊರಿನ ದೊಡ್ಡವರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಎದುರಾಳಿ ಮುಳಬಾಗಿಲು ಕಡೆಯ ಮುನಿರಾಜು, ಇಪ್ಪತ್ತೆರಡರ ಪ್ರಾಯದವನು, ಭಾವನ ಹಾಗೆಯೇ ಕ್ಲಬ್ಬಿನ ನೌಕರ. ಅವನಿಗೆ ಕಾಲಿತ್ತು, ಭಾವನಿಗೆ ತಲೆಯಿತ್ತು. ಬಿಸಿಲು ಇಳಿಯುವ ಹೊತ್ತಿಗೆ ಭಾವ ಗೆಲುವಿನ ಬಾಗಿಲಿಗೆ ಬಂದರು. ಇನ್ನು ಒಂದೇ ಒಂದು ಪಾಯಿಂಟು.

ಚೆಂಡು ನಾಲ್ಕಾರು ಸಲ ಅತ್ತಿತ್ತ ಹೋಯಿತು. ಮುನಿರಾಜು ಎಡಮೂಲೆಗೆ ಓಡಿ, ಜಾರಿ, ಒಂದು ಮಂಡಿಯೂರಿ ಹೇಗೋ ಚೆಂಡನ್ನು ಎತ್ತಿ ಕಳಿಸಿದ. ಬಲಗಡೆ ಅಂಗಳವೆಲ್ಲ ಖಾಲಿ. ಟೆನಿಸ್ಸಿನ ತಲೆಬುಡ ತಿಳಿಯದ ನನಗೂ ಅದು ಕಾಣುತ್ತಿತ್ತು. ನಾನು ಎದ್ದು ನಿಂತುಬಿಟ್ಟೆ. ಭಾವ ಮುಂದೆ ಬಂದು, ಅವಸರವಿಲ್ಲದೆ, ಆ ಚೆಂಡನ್ನು ಮೆತ್ತಗೆ ಮುನಿರಾಜುವಿನ ರಾಕೆಟ್ಟಿಗೇ ಕೊಟ್ಟರು. ಅವನು ಕೂತಲ್ಲಿಂದಲೇ ಬಾರಿಸಿದ. ಚೆಂಡು ಭಾವನ ಪಕ್ಕದಿಂದ ಹಾದುಹೋಯಿತು.

“ಚೆನ್ನಾಗಿ ಹೊಡೆದ್ರಿ ಸ್ವಾಮಿ,” ಎಂದರು ಭಾವ.

ಕುರ್ಚಿಗಳಲ್ಲಿ ಒಮ್ಮೆಲೇ ನಗು ಎದ್ದಿತು. ಮುನಿರಾಜು ಮಾತ್ರ ನಗಲಿಲ್ಲ. ಅವನಿಗೆ ಅರ್ಥವಾಗಿತ್ತು ಅಂತ ಕಾಣುತ್ತೆ. ನನ್ನ ಪಕ್ಕದ ಮುದುಕರೊಬ್ಬರು “ಪಾಪಂ” ಎಂದು ತಲೆಯಾಡಿಸಿದರು. ಭಾವ ತಮ್ಮ ಕೈಯನ್ನೇ ನೋಡುತ್ತಾ ಸ್ವಲ್ಪ ಹೊತ್ತು ನಿಂತರು. ಆಮೇಲೆ ಆಡಿದ್ದು ಆಟವೇ ಅಲ್ಲ. ಕತ್ತಲಾಗುವುದರೊಳಗೆ ಸೋತಿದ್ದರು.

ಮರುದಿನ ಹಿಂದಿರುಗುವ ರೈಲಿನಲ್ಲಿ, ಡಬ್ಬಿಯಲ್ಲಿ ಉಳಿದಿದ್ದ ಎಳ್ಳುಂಡೆಯನ್ನು ಭಾವನ ಕೈಗಿಟ್ಟೆ. ಶಿಡ್ಲಘಟ್ಟ ದಾಟಿದ ಮೇಲೆ ಅವರೇ ಹೇಳಿದರು: “ಕಣ್ಣಿಗೆ ಆ ಖಾಲಿ ಜಾಗ ಕಂಡಿತ್ತು ಕಣಪ್ಪ. ಕೈಗೆ ಕಾಣಲಿಲ್ಲ.”

ಗೌರಿಬಿದನೂರು ಮುಟ್ಟಿದಾಗ ಸಂಜೆ ನಾಲ್ಕೂವರೆ. ಅಕ್ಕ ಬಾಗಿಲಲ್ಲೇ ನಮ್ಮ ಮುಖ ನೋಡಿ ಕಾಲಿಗೆ ನೀರು ಕೊಟ್ಟಳು. ಭಾವ ಕಾಫಿ ಕುಡಿದು, ಸಾಹೇಬರುಗಳು ಬರುವ ಹೊತ್ತಾಯಿತೆಂದು ರಾಕೆಟ್ಟು ಹಿಡಿದು ಹೊರಟರು. ಅಕ್ಕ ನನ್ನ ಕಡೆ ನೋಡಿದಳು. ನಾನೂ ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಹೋಗಿ ಕೋರ್ಟಿನ ಬೇಲಿ ಪಕ್ಕದ ಕಲ್ಲಿನ ಮೇಲೆ ಕೂತೆ.

ಆಟ ಶುರುವಾಯಿತು. ದಪ್ಪನೆಯ ಇಂಜಿನಿಯರೊಬ್ಬರು ನಿಂತಲ್ಲಿಂದ ಕದಲದೆ ಹೊಡೆಯುತ್ತಿದ್ದರು. ಚೆಂಡೇ ಅವರ ಬಳಿಗೆ ಹೋಗುತ್ತಿತ್ತು. ಭಾವನ ದನಿ ಕೇಳಿಸಿತು: “ಚೆನ್ನಾಗಿ ಹೊಡೆದ್ರಿ ಸ್ವಾಮಿ.” ಎದ್ದು ಓಡಿಹೋಗೋಣ ಅನ್ನಿಸಿತು. ಹೋಗಲಿಲ್ಲ. ಕತ್ತಲಾದ ಮೇಲೆ ಇಬ್ಬರೂ ಸೇರಿ ಬಲೆ ಸುತ್ತಿಟ್ಟು ಮನೆಗೆ ನಡೆದೆವು.