ಬಿಸಿಲಿಗಿಟ್ಟ ಸೆಲ್ಲಿನ ಹಾಡು

ಪ್ಲೇ ಒತ್ತಿದ ಕೂಡಲೇ ಅಣ್ಣನ ದನಿ ಹೈಸ್ಕೂಲ್ ಹುಡುಗನ ಹಾಗೆ ಕೀರಲಾಗಿ, ಓಡೋಡಿ ಬಂತು!

ನಾನು ನಕ್ಕುಬಿಟ್ಟೆ. ಅಪ್ಪ ಹೋದ ಮೇಲೆ ನಾನು ನಕ್ಕಿದ್ದು ಅದೇ ಮೊದಲು...

ಎಂಬತ್ತರ ದಶಕ. ಗೋವಿಂದರಾಜನಗರದಲ್ಲಿ ನಮ್ಮದು ಬಾಡಿಗೆ ಮನೆ. ಅಣ್ಣ ಹಗಲು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ ಮಾಡಿ, ಸಂಜೆ ಗಿಟಾರ್ ಹಿಡಿದು ಕೂರುತ್ತಿದ್ದ. ಹಾಡು ಬರೆಯುವವನೂ ಅವನೇ, ರಾಗ ಹಾಕುವವನೂ ಅವನೇ.

ಈ ಹಾಡನ್ನು ಅವನು ಕರೆಂಟ್ ಇಲ್ಲದ ಒಂದು ಮಧ್ಯಾಹ್ನ ನಮ್ಮ ಟೇಪ್ ರೆಕಾರ್ಡರ್‌ನಲ್ಲಿ ತುಂಬಿದ್ದ. ಸೆಲ್ಲುಗಳು ಸೋತಿದ್ದವು. ಆಗ ಎಲ್ಲರೂ ಮಾಡುತ್ತಿದ್ದಂತೆ ನಾನೇ ಅವನ್ನು ಬಿಸಿಲಿಗಿಟ್ಟು, ಸ್ವಲ್ಪ ಜೀವ ಬಂತು ಅಂತ ಮತ್ತೆ ಹಾಕಿಕೊಟ್ಟಿದ್ದೆ.

ಜೀವ ಸಾಲದೆ, ಹಾಡು ತುಂಬುವಾಗ ಟೇಪು ನಿಧಾನಕ್ಕೆ ತಿರುಗಿದೆ. ನಮಗೆ ಗೊತ್ತಾಗಲಿಲ್ಲ. ಅಣ್ಣನ ಗೆಳೆಯ ಕುಮಾರನ ಮನೆಯಲ್ಲಿ ಕರೆಂಟಿಗೆ ಹಾಕಿ ಕೇಳಿದಾಗ ಅದು ಸರಿಯಾದ ವೇಗದಲ್ಲಿ ಓಡಿತು. ಅಣ್ಣ ಎಳೆದೆಳೆದು ಹಾಡಿದ್ದ ಹಾಡು ಜಿಗಿಯತೊಡಗಿತು!

ಕುಮಾರ ಎದ್ದು ನಿಂತ. "ಗುರು! ಇದೇ ಸ್ಪೀಡಲ್ಲಿ ಹಾಡು ಮಗಾ. ಗಣೇಶನ ಪೆಂಡಾಲ್ ಎದ್ದೋಗತ್ತೆ!"

"ಲೋ, ಅದು ಅಳೋ ಹಾಡು ಕಣೋ," ಅಂದ ಅಣ್ಣ.

"ಅಳೋನು ನೀನು. ಹಾಡು ಕುಣೀತಾ ಇದೆ ನೋಡು!"

ಅಣ್ಣ ಟೇಪನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದ. ಮತ್ತೆ ತಿರುಗಿಸಿದ. ಕಾಲು ತನ್ನಷ್ಟಕ್ಕೆ ತಾಳ ಹಾಕುತ್ತಿತ್ತು.

ಪೆಂಡಾಲಿನಲ್ಲಿ ಹಾಡ್ತೀನಿ ಅಂದಾಗ ಮನೆಯಲ್ಲಿ ಮಾತ್ರ ಅಮ್ಮನ ಮುಖ ಕಲ್ಲಾಯಿತು.

"ನಿಮ್ಮಪ್ಪ ಹೋಗಿ ಇನ್ನೂ ವರ್ಷ ತುಂಬಿಲ್ಲ. ಮನೇಲಿ ಗಣೇಶನ್ನೇ ಕೂರಿಸ್ತಾ ಇಲ್ಲ. ನಿನಗೆ ಬೀದೀಲಿ ಕುಣಿಯೋ ಹಾಡು ಬೇಕಾ?"

ಅಷ್ಟೇ. ಅವತ್ತಿನಿಂದ ಅಮ್ಮ ಅಣ್ಣನ ಜೊತೆ ಮಾತು ಬಿಟ್ಟಳು. ತಟ್ಟೆ ಇಡುವಳು, ಬಡಿಸುವಳು, ಮುಖ ನೋಡುವುದಿಲ್ಲ.

ನನಗೆ ತಡೆಯಲಾಗಲಿಲ್ಲ. ಅಮ್ಮನಿಗೋಸ್ಕರ ನಿಧಾನಕ್ಕೇ ಹಾಡಬಾರದಾ ಅಂತ ಕೇಳಿದೆ.

"ಆಗಲ್ಲ ಕಣೇ," ಅಂದ. "ನಿಧಾನಕ್ಕೆ ಹಾಡಿದ್ರೆ ಅರ್ಧದಲ್ಲೇ ಗಂಟಲು ಕಟ್ಟತ್ತೆ. ಟೇಪಿಗೆ ಹಾಡುವಾಗ್ಲೇ ಎಷ್ಟು ಸಲ ನಿಲ್ಲಿಸ್ದೆ, ನೋಡಿದ್ಯಲ್ಲ. ಬೇಗ ಹಾಡಿದ್ರೆ ಅಳು ಹಿಂದೆ ಬಿದ್ಬಿಡತ್ತೆ."

ಗಣೇಶನ ಆರ್ಕೆಸ್ಟ್ರಾ ದಿನ ನಾನು ಮನೆಯಲ್ಲೇ ಇದ್ದೆ. ಅಮ್ಮ ಹೋಗಬೇಡ ಅಂದಿದ್ದಳು. ಆದರೆ ಪೆಂಡಾಲಿನವರು ಒಂದು ಹಾರ್ನ್ ಸ್ಪೀಕರನ್ನು ನಮ್ಮ ಮನೆಯೆದುರಿನ ಕಂಬಕ್ಕೇ ಕಟ್ಟಿದ್ದರಲ್ಲ! ಕಿಟಕಿ ಮುಚ್ಚಿದರೂ ಅಷ್ಟೇ, ತೆರೆದರೂ ಅಷ್ಟೇ.

ಸಿನಿಮಾ ಹಾಡುಗಳು ಮುಗಿದವು. ಮೈಕಿನಲ್ಲಿ ಕುಮಾರ, "ಈಗ ನಮ್ಮ ಏರಿಯಾ ಹುಡುಗನ ಸ್ವಂತ ಹಾಡು!" ಅಂದ. ಯಾರೋ "ಬೇಡ, ಸಿನಿಮಾದ್ದೇ ಹಾಕ್ರೋ" ಅಂತ ಕೂಗಿದ್ದೂ ಕೇಳಿಸಿತು.

ಗಿಟಾರ್ ಶುರುವಾಯಿತು. ಡ್ರಮ್ ಬಿತ್ತು. ಅಬ್ಬಾ, ಏನು ಸ್ಪೀಡು!

"ಎರಡೇ ಎರಡು ಬೆಲ್ಲು ಹೊಡೀರಿ, ಬಂದೆ ಬಂದೆ ಬಂದೆ... ಇಳೀಬೇಡಿ ರೀ, ಇಳೀಬೇಡಿ, ಗೇಟು ತೆಗೆದೆ ತೆಗೆದೆ..."

ಬೀದಿಗೆ ಅದು ಯಾವುದೋ ಹುಡುಗಿ ತನ್ನ ಹುಡುಗನನ್ನು ಕರೆಯುವ ಹಾಡು. ಮಕ್ಕಳಿಂದ ಹಿಡಿದು ಅಂಗಡಿಯವರ ತನಕ "ಬಂದೆ ಬಂದೆ" ಅಂತ ಕಿರುಚುತ್ತಿದ್ದಾರೆ. ಶಿಳ್ಳೆಯೋ ಶಿಳ್ಳೆ.

ನನಗೆ ಟೇಪಿಗೆ ತುಂಬುವಾಗಲೇ ಗೊತ್ತಿತ್ತು. ಅದು ನಮ್ಮಮ್ಮನ ಮಾತು. ಅವಳು ಕೇಳುತ್ತಿದ್ದದ್ದು ಮಾತ್ರ ಇದೇ ಮೊದಲು.

ಅಪ್ಪ ಫ್ಯಾಕ್ಟರಿಯಿಂದ ಬರುವಾಗ ರಸ್ತೆ ತಿರುವಿನಲ್ಲಿ ಎರಡು ಸಲ ಬೆಲ್ ಹೊಡೆಯುತ್ತಿದ್ದರು. ಅಮ್ಮ ಅಡುಗೆಮನೆಯಿಂದಲೇ "ಬಂದೆ, ಇಳೀಬೇಡಿ" ಅಂತ ಕೂಗಿ ಓಡುವಳು. ಅಪ್ಪ ಕಾಲು ಕೆಳಗಿಡದೆ, ಸೈಕಲ್ ಮೇಲೆ ಕೂತೇ ರಾಜನ ಹಾಗೆ ಒಳಗೆ ಬರಬೇಕು. ಅದು ಅವರಿಬ್ಬರ ದಿನದ ಆಟ.

ನಾನು ತಿರುಗಿ ಅಮ್ಮನನ್ನು ನೋಡಿದೆ. ಬತ್ತಿ ಹೊಸೆಯುತ್ತಿದ್ದ ಕೈ ನಿಂತಿತ್ತು.

ಅಷ್ಟರಲ್ಲಿ "ಒನ್ಸ್ ಮೋರ್!" ಎದ್ದಿತು. ಎರಡನೇ ಸಲಕ್ಕೆ ಹುಡುಗರು ತಮ್ಮ ತಮ್ಮ ಸೈಕಲ್ ತಂದು ನಿಲ್ಲಿಸಿಕೊಂಡಿದ್ದರು. ಅಣ್ಣ "ಬೆಲ್ಲು ಹೊಡೀರಿ" ಅಂದದ್ದೇ ತಡ, ಇಡೀ ಬೀದಿಯ ಸೈಕಲ್ ಬೆಲ್ಲುಗಳು ಒಟ್ಟಿಗೆ... ಟ್ರಿಣ್ ಟ್ರಿಣ್! ಟ್ರಿಣ್ ಟ್ರಿಣ್!

ಅಮ್ಮ ಎದ್ದಳು. ಸೆರಗಿಗೆ ಕೈ ಒರೆಸಿಕೊಂಡು ಅಂಗಳಕ್ಕೆ ಹೋಗಿ ಗೇಟಿನ ಚಿಲಕ ತೆಗೆದಳು. ಎರಡೂ ಬಾಗಿಲುಗಳನ್ನು ಪೂರ್ತಿ ತೆರೆದಳು. ಹಾಡು ಮುಗಿಯುವವರೆಗೂ ಅಲ್ಲೇ ನಿಂತಿದ್ದಳು.

ಅಣ್ಣ ಬೆವರು ಸುರಿಸಿಕೊಂಡು ಬಂದವನು ತೆರೆದ ಗೇಟು ನೋಡಿ ಹೊರಗೇ ನಿಂತ.

"ಬಾರೋ ಒಳಗೆ," ಅಂದಳು ಅಮ್ಮ. ಎಷ್ಟೋ ದಿನದ ಮೇಲೆ ಮೊದಲ ಮಾತು! "ಇನ್ನೊಂದ್ಸಲ ಹಾಡು. ಜೋರಾಗೇ ಹಾಡು. ನಿಧಾನಕ್ಕೆ ಮಾತ್ರ ಬೇಡ."

ಆಮೇಲೆ ಆ ಹಾಡು ನಮ್ಮ ಕಡೆ ಎಷ್ಟು ಪೆಂಡಾಲಿನಲ್ಲಿ ಕುಣಿಯಿತೋ! ಅಣ್ಣ ಇನ್ನೂ ಎಷ್ಟೋ ಹಾಡು ಕಟ್ಟಿದ. ಎಲ್ಲವೂ ಕುಣಿಸುವಂಥವೇ. ಪದಗಳನ್ನು ಕಿವಿಗೊಟ್ಟು ಕೇಳಿದವರು ಕಡಿಮೆ.

ಈ ವರ್ಷ ಅಣ್ಣ ಹೋದ.

ನಿನ್ನೆ ಉಲ್ಲಾಳದಲ್ಲಿರುವ ನನ್ನ ಮಗಳು ಆ ಹಳೆಯ ಕ್ಯಾಸೆಟ್ಟನ್ನು ಮೊಬೈಲಿಗೆ ಹಾಕಿಸಿಕೊಟ್ಟಳು. ಅದೇ ಕೀರಲು ದನಿ, ಅದೇ ಓಟ! ಇಬ್ಬರೂ ಅಡುಗೆಮನೆಯಲ್ಲಿ ಕುಣಿದೆವು.

"ಅಮ್ಮಾ, ಇದರಲ್ಲಿ ಸ್ಪೀಡ್ ಕಮ್ಮಿ ಮಾಡಬಹುದು. ಮಾಡಿದ್ರೆ ಮಾಮನ ನಿಜವಾದ ದನಿ ಬರತ್ತೆ," ಅಂದಳು.

ನನ್ನ ಬೆರಳು ಆ ಸ್ಪೀಡಿನ ಗುಂಡಿವರೆಗೆ ಹೋಗುತ್ತದೆ, ವಾಪಸ್ ಬರುತ್ತದೆ... ನೀವಾಗಿದ್ದರೆ ನಿಧಾನ ಮಾಡಿ ಕೇಳ್ತಿದ್ರಾ?