ಸೆಲ್ವಮ್ಮನ ದ್ವೀಪದ ಹೆಸರುಗಳು

ಪುತ್ತೂರು ಬಸ್ ನಿಲ್ದಾಣದ ಸಮೀಪದ ಹೋಟೆಲೊಂದರಲ್ಲಿ ‘ಸಿಲೋನ್ ಪರೋಟ ಸಿಗುತ್ತದೆ’ ಎಂಬ ಬೋರ್ಡು ಇದೆ. ಭೂಪಟದಿಂದ ಎಂದೋ ಅಳಿಸಿಹೋದ ಹೆಸರೊಂದು ನಮ್ಮಲ್ಲಿ ಮೊಟ್ಟೆ, ಈರುಳ್ಳಿಗಳ ನಡುವೆ ಬಿಸಿಬಿಸಿಯಾಗಿ ಬದುಕಿಕೊಂಡಿರುವುದನ್ನು ಗಮನಿಸಲು, ಜೀವಮಾನವಿಡೀ ಚರಿತ್ರೆ ಪಾಠ ಮಾಡಿದ ನಾನು ಸೆಲ್ವಮ್ಮನ ಜೊತೆ ಅಲ್ಲಿ ಕೂರಬೇಕಾಯಿತು.

ಸೆಲ್ವಮ್ಮ ಸುಳ್ಯದ ಕಡೆಯ ರಬ್ಬರ್ ತೋಟದಲ್ಲಿ ಮರ ಗೀರಿ ಹಾಲು ತೆಗೆಯುವ ಟ್ಯಾಪಿಂಗ್ ಕೆಲಸ ಮಾಡಿ ನಿವೃತ್ತಳಾದವಳು. ಅವಳ ಮಗಳು ನನ್ನ ಶಿಷ್ಯೆ. ಸೆಲ್ವಮ್ಮನ ತಮ್ಮ ಮುತ್ತು ಐವತ್ತು ವರ್ಷಗಳ ಬಳಿಕ ಅವಳನ್ನು ನೋಡಲು ಆ ಸಿಲೋನ್ ದ್ವೀಪದಿಂದ ಬರುವವನಿದ್ದ. ಮಂಗಳೂರಿನ ಬಸ್ಸು ಬರಲು ಇನ್ನೂ ಹೊತ್ತಿತ್ತು. ಅವಳು ಮತ್ತೆ ಮತ್ತೆ ರಸ್ತೆಯತ್ತ ನೋಡುವುದನ್ನು ಕಂಡು, ಕಾಯುವುದನ್ನು ಮಾತಿನಲ್ಲಿ ಮರೆಸೋಣವೆಂದು ನನ್ನ ಹಳೆಯ ಚಟಕ್ಕೆ ಶರಣಾದೆ: ಪಾಠ ಮಾಡಿದೆ. ದಾಲ್ಚಿನ್ನಿಯ ಆಸೆಗೆ ಬಂದ ಪೋರ್ಚುಗೀಸರು ಆ ದ್ವೀಪವನ್ನು ‘ಸೈಲಾಂವ್’ ಎಂದರು. ಅವರನ್ನು ಓಡಿಸಿದ ಡಚ್ಚರು ‘ಝೈಲಾನ್’ ಎಂದರು. ಡಚ್ಚರಿಂದ ಕಸಿದುಕೊಂಡ ಇಂಗ್ಲಿಷರು ‘ಸಿಲೋನ್’ ಎಂದು ಕರೆದು, ಬೆಟ್ಟ ಬೋಳಿಸಿ ಕಾಫಿ ನೆಟ್ಟು, ಅದು ರೋಗ ಬಂದು ಸತ್ತಾಗ ಚಹಾ ನೆಟ್ಟು, ದುಡಿಯಲು ತಮಿಳು ಸೀಮೆಯಿಂದ ಸೆಲ್ವಮ್ಮನ ಮುತ್ತಜ್ಜಿಯಂಥವರನ್ನು ಕರೆದೊಯ್ದರು. ಬಂದವರೆಲ್ಲ ನಾಮಕರಣ ಮಾಡಿದರು. ತೊಟ್ಟಿಲು ತೂಗಿದವರನ್ನು ಯಾರೂ ಕೇಳಲಿಲ್ಲ.

ಪರೋಟ ತಂದಿಟ್ಟ ಹೋಟೆಲಿನ ಇಬ್ರಾಹಿಂ ಬ್ಯಾರಿ, “ನಮ್ಮ ಅಜ್ಜ ಅದಕ್ಕೆ ಸರಂದೀಬ್ ಅಂತಿದ್ರು ಟೀಚರ್ರೆ. ಮೊದಲ ಮನುಷ್ಯ ಆದಂ ನೆಬಿ ಸ್ವರ್ಗದಿಂದ ಇಳಿದದ್ದು ಅಲ್ಲಿಗೇ ಅಂತೆ” ಎಂದರು.

ಸೆಲ್ವಮ್ಮ ಆಗ ನಕ್ಕಳು. “ನಾನು ಶಾಲೆಗೆ ಹೋಗುವಾಗ ಸಿಲೋನ್ ಹೋಗಿ ಶ್ರೀಲಂಕಾ ಆಯ್ತು. ಮನೆಯಲ್ಲಿ ನಮಗೆ ಯಾವಾಗ್ಲೂ ಇಲಂಗೈಯೇ. ಹೆಸರು ಎಂತ ಆದ್ರೂ ಚಾ ಕೊಯ್ಯುದು ತಪ್ಪಲಿಲ್ಲ. ಅಲ್ಲಿ ನಮ್ಮನ್ನು ಇಂಡಿಯಾದವರು ಅಂತಿದ್ರು, ಇಲ್ಲಿಗೆ ಬಂದ ಮೇಲೆ ಸಿಲೋನಿನವರು.” ಆಮೇಲೆ ದನಿ ತಗ್ಗಿಸಿದಳು. “ಟೀಚರ್, ಮುತ್ತುವಿಗೆ ನನ್ನ ಮೇಲೆ ಕೋಪ ಉಂಟೋ ಏನೋ. ಫೋನಿನಲ್ಲಿ ಆ ದಿನದ ಸುದ್ದಿ ಒಮ್ಮೆಯೂ ತೆಗೆಯಲಿಲ್ಲ ಅವ.”

ತೋಟದ ತಮಿಳರನ್ನು ವಾಪಸು ಕಳಿಸುವ ಎರಡು ಸರ್ಕಾರಗಳ ಒಪ್ಪಂದದಂತೆ ಅವಳ ಮನೆಯವರು ಇಂಡಿಯಾಕ್ಕೆ ಹಡಗು ಹತ್ತಿದ ದಿನ ಅದು. ಅಜ್ಜಿಗೆ ಇನ್ನೂ ಅನುಮತಿ ಸಿಕ್ಕಿರಲಿಲ್ಲ. ಮುದುಕಿ ಒಂಟಿಯಾಗಬಾರದೆಂದು ಎಂಟು ವರ್ಷದ ಮುತ್ತುವನ್ನು ಅವಳ ಬಳಿ ಬಿಟ್ಟು ಬಂದರು. ಅನುಮತಿ ವರ್ಷಗಟ್ಟಲೆ ಬರಲಿಲ್ಲ; ಮುಂದೆ ಅಲ್ಲಿ ಯುದ್ಧ ಶುರುವಾಗಿ ಹಡಗೇ ನಿಂತುಹೋಯಿತು.

ಮಂಗಳೂರಿನ ಬಸ್ಸು ಬಂತು; ನಾವು ನಿಲ್ದಾಣಕ್ಕೆ ಓಡಿದೆವು. ನರೆಗೂದಲಿನ ಗಂಡಸೊಬ್ಬ ಇಳಿದು, ಚೀಲ ಕೆಳಗಿಟ್ಟು, ಸೆಲ್ವಮ್ಮನನ್ನೇ ದಿಟ್ಟಿಸಿ ತಮಿಳಿನಲ್ಲಿ ಹೇಳಿದ: “ಅಕ್ಕಾ, ಹಡಗು ಬಂತು.”

ಅವಳು ಅವನ ಕೈ ಹಿಡಿದು ಅಲ್ಲೇ ಕಟ್ಟೆಯ ಮೇಲೆ ಕೂತಳು. ಮುಂದಿನ ಹಡಗಿಗೆ ಕರೆಸಿಕೊಳ್ಳುತ್ತೇನೆ, ಅಳಬೇಡ ಎಂದು ಅಂದು ಅವನ ಗಲ್ಲ ಹಿಡಿದು ಹೇಳಿದ್ದವಳು ಅವಳೇ ಎಂದು ನನಗೆ ಆಮೇಲೆ ತಿಳಿಯಿತು. ಮುತ್ತು ಪಕ್ಕದಲ್ಲಿ ಕೂತ. ಅವಳು ಅವನ ತಲೆ ಸವರುತ್ತಿದ್ದಳು.

ಸುಳ್ಯದ ಬಸ್ಸಿನಲ್ಲಿ ನಾನು ಅವರ ಹಿಂದಿನ ಸೀಟಿನಲ್ಲಿದ್ದೆ. ಅವನು ಕಿಟಕಿಯಾಚೆ ಕೈತೋರಿಸಿ ಕೇಳುತ್ತಿದ್ದ, ಅವಳು ಹೇಳುತ್ತಿದ್ದಳು.

“ಇದು ಕುಂಬ್ರ.”

“ಕುಂಬರಂ,” ಎಂದ ಅವನು. ಅವಳು ತಿದ್ದಲಿಲ್ಲ.

ಸಾಮ್ರಾಜ್ಯಗಳು ಇಟ್ಟ ಹೆಸರುಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದ ನಾನು, ಸೈನ್ಯವಿಲ್ಲದೆ, ಹಡಗಿಲ್ಲದೆ, ಬರೀ ಪ್ರೀತಿಯಿಂದ ಒಂದು ಊರಿಗೆ ಹೊಸ ಹೆಸರು ಹುಟ್ಟುವುದನ್ನು ಕಂಡದ್ದು ಅದೇ ಮೊದಲು.

“ನಮ್ಮೂರು ಬಂದಾಗ ಹೇಳ್ತೇನೆ, ಒಂಚೂರು ಮಲಗು,” ಎಂದಳು ಅಕ್ಕ. ಅರವತ್ತರ ಹತ್ತಿರದ ತಮ್ಮ ಮಲಗಲಿಲ್ಲ. ಅವಳ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕಿಟಕಿಯಾಚೆ ನೋಡುತ್ತಲೇ ಇದ್ದ.