ಬಾಣಂತಿಯ ತಟ್ಟೆ

ಮೊಮ್ಮಗ ಮೊದಲ ಸಲ ಕಾರಿದಾಗ ನಾವು ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಹುಟ್ಟಿ ಮೂರು ವಾರ ಆಗುತ್ತಾ ಬಂದಿತ್ತು. ಕಾರುವ ಮಗು ಬೆಳೆಯುತ್ತದೆ ಎಂದು ನಮ್ಮ ಕಡೆ ಹಿರಿಯರು ಹೇಳುತ್ತಿದ್ದರು. ನಾನೂ ಅದನ್ನೇ ಹೇಳಿ, ಅವನ ಬಾಯಿ ಒರೆಸಿ, ಮಗಳ ಬೆನ್ನಿಗೆ ಇನ್ನೊಂದು ದಿಂಬು ಕೊಟ್ಟೆ.

ಮಗಳು ಬಾಣಂತನಕ್ಕೆ ನಮ್ಮ ಡೊಂಬಿವಲಿಯ ಮನೆಗೆ ಬಂದಿದ್ದಳು. ಎರಡು ಕೋಣೆಯ ಹಳೆಯ ಫ್ಲ್ಯಾಟು, ಕಿಟಕಿ ತೆರೆದರೆ ಸ್ಟೇಷನ್ನಿನ ಅನೌನ್ಸ್‌ಮೆಂಟು. ಖಾರಘರದಲ್ಲಿ ಅವಳ ಗಂಡನ ಮನೆ ಹೊಸದು, ಎತ್ತರದ್ದು, ಬಾಲ್ಕನಿಯಲ್ಲಿ ನಿಂತರೆ ಗುಡ್ಡ ಕಾಣುತ್ತದೆ, ಲಿಫ್ಟು ಎರಡೆರಡು. ಆದರೂ ಮೊದಲ ಬಾಣಂತನ ತವರಿನಲ್ಲೇ ಆಗಬೇಕು. ಮಗು ಚೆನ್ನಾಗಿ ಬೆಳೆದರೆ ಅದು ಮಗುವಿನ ಅದೃಷ್ಟ, ಸೊರಗಿದರೆ ತವರಿನವರ ಬಾಣಂತನ ಸರಿಯಾಗಲಿಲ್ಲ ಎಂದರ್ಥ. ಈ ರೂಲ್ ಯಾರೂ ಬರೆದಿಟ್ಟಿಲ್ಲ, ಎಲ್ಲರಿಗೂ ಗೊತ್ತು.

ಆಮೇಲೆ ಕಾರುವ ರೀತಿ ಬದಲಾಯಿತು. ತುಟಿಯ ಅಂಚಿನಿಂದ ಇಳಿಯುತ್ತಿದ್ದ ಹಾಲು ಹಾರತೊಡಗಿತು. ಕುಡಿದು ಸ್ವಲ್ಪ ಹೊತ್ತಿಗೆ ಅವನ ಹಣೆ ಮುದುಡುತ್ತಿತ್ತು, ಕಾಲು ಸೆಟೆಯುತ್ತಿತ್ತು, ಮರುಕ್ಷಣ ಮಂಚದ ಆಚೆಗಿದ್ದ ಕಬ್ಬಿಣದ ಕಪಾಟಿನ ಕನ್ನಡಿಯ ಮೇಲೆ ಒಡೆದ ಹಾಲು. ಅಷ್ಟು ಸಣ್ಣ ಮೈಯಲ್ಲಿ ಅಷ್ಟು ಫೋರ್ಸ್ ಎಲ್ಲಿಂದ ಎಂದು ನಾನು ನೋಡುತ್ತಿದ್ದೆ. ಕಾರಿ ಮುಗಿದ ಕೂಡಲೇ ಅವನು ಮತ್ತೆ ಬಾಯಿ ತೆರೆದು ಎದೆ ಹುಡುಕುತ್ತಿದ್ದ. ಅಳುತ್ತಲೂ ಇರಲಿಲ್ಲ, ಹುಡುಕುತ್ತಿದ್ದ ಅಷ್ಟೆ.

ನನ್ನ ಯಜಮಾನರು ವಾಗ್ಳೆ ಎಸ್ಟೇಟಿನಲ್ಲಿ ಫ್ಯಾಕ್ಟರಿಯವರಿಗೆಂದು ಒಂದು ಸಣ್ಣ ಹೋಟೆಲು ನಡೆಸುತ್ತಿದ್ದರು. ಅವರು ಬಾಗಿಲಲ್ಲಿ ನಿಂತು, "ಎಂತ ಮಾರಾಯ್ತಿ, ನಿನ್ನ ಮೊಮ್ಮಗ ನಮ್ಮ ಹೋಟ್ಲಿನ ಗಿರಾಕಿಗಳ ಹಾಗೇ. ಪೂರ್ತಿ ತಿಂದಾದ ಮೇಲೆ ಸರಿ ಇಲ್ಲ ಅಂತ ವಾಪಸು ಕೊಡ್ತಾನಲ್ಲ," ಎಂದರು. ಮಗಳು ಆ ದಿನ ನಕ್ಕಳು. ಅದು ಅವಳು ಆ ತಿಂಗಳಲ್ಲಿ ನಕ್ಕ ಕೊನೆಯ ಸಲ ಇರಬೇಕು.

ಹತ್ತಿರದ ಮಕ್ಕಳ ಡಾಕ್ಟರರಿಗೆ ತೋರಿಸಿದೆವು. ಅವರು ಮಗುವನ್ನು ತಿರುಗಿಸಿ ನೋಡಿ, ಬಹಳ ಮಕ್ಕಳು ಕಾರುತ್ತವೆ, ಕುಡಿಸಿದ ಮೇಲೆ ಹೆಗಲ ಮೇಲೆ ಹಾಕಿ ತೇಗು ಬರಿಸಿ ಎಂದು ಹೇಳಿ ಡ್ರಾಪ್ಸ್ ಬರೆದುಕೊಟ್ಟರು. ಅವರ ಮೇಜಿನ ಮುಂದೆ ಮೊಮ್ಮಗ ಜಂಟಲ್‌ಮನ್ ಹಾಗೆ ಮಲಗಿದ್ದ. ಮನೆಗೆ ಬಂದು, ಕುಡಿದು, ಕನ್ನಡಿಯ ಮೇಲೆ ಕಾರಿದ.

ತಟ್ಟೆಯ ಕತೆ ಶುರುವಾದದ್ದು ಅಲ್ಲಿಂದ.

ಅಳಿಯನ ಮನೆಯವರು ಧಾರವಾಡದ ಕಡೆಯವರು, ಶುದ್ಧ ಸಸ್ಯಾಹಾರಿಗಳು. ನಾವು ಉಡುಪಿಯ ಕಡೆಯವರು. ಹೋಟೆಲಿನಲ್ಲಿ ಇಡ್ಲಿ ಸಾಂಬಾರು, ಮನೆಯಲ್ಲಿ ಮೀನು. ಮಕ್ಕಳಿಬ್ಬರೂ ಇಲ್ಲೇ ಹುಟ್ಟಿ ಬೆಳೆದವರು, ಒಂದೇ ಆಫೀಸಿನಲ್ಲಿ ಸಿಕ್ಕಿ, ಹಿಂದಿಯಲ್ಲಿ ಮಾತಾಡಿ ಮದುವೆಯಾದರು. ಕನ್ನಡ ಉಳಿದದ್ದು ನಾವಿಬ್ಬರು ಬೀಗಿತ್ತಿಯರಿಗೆ, ಅದೂ ಎರಡು ಬಗೆಯದು. ಬೀಗಿತ್ತಿ ಖಾರಘರದಿಂದ ದಿನಾ ಬೆಳಿಗ್ಗೆ ಫೋನ್ ಮಾಡುತ್ತಿದ್ದರು.

"ಬೀಗ್ತೇರ, ಕೂಸು ಹಾಲು ಕಕ್ಕೂದು ನಿಂತತೇನ್ರಿ?"

"ಇಲ್ಲ. ಇವತ್ತು ಬೆಳಿಗ್ಗೆಯೂ ಕಾರಿದ."

"ನಿನ್ನೆ ನಮ್ಮ ಸೊಸಿ ಏನು ಉಂಡಾಳ?"

ನಾನು ಮೆತ್ತಗೆ, "ಅನ್ನ, ಸ್ವಲ್ಪ ಸಾರು," ಎಂದೆ.

"ಯಾವ ಸಾರ್ರಿ?"

ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ. "ಬಂಗುಡೆ."

"ಅದs ನೋಡ್ರಿ. ಆ ವಾಸನಿಗೆ ನನಗs ಇಲ್ಲೆ ಹೊಟ್ಟಿ ತೊಳಸ್ತದ. ಪಾಪ, ಕೂಸು ಏನು ಮಾಡೀತು?"

ಮಗಳ ತಟ್ಟೆಯಿಂದ ಮೀನು ಹೋಯಿತು. ಮಗು ಕಾರಿತು. ಆ ವಾರದ ಕೊನೆಗೆ ತೆಂಗಿನಕಾಯಿ ಹೋಯಿತು. ಕರಾವಳಿಯವರ ಕಾಯಿ ಕೂಸಿಗೆ ಭಾರವಂತೆ. ನನಗೂ ಸಿಟ್ಟು ಇತ್ತು. ಬಾಣಂತಿಗೆಂದು ಅವರು ಕಳಿಸಿದ್ದ ಅಂಟಿನ ಉಂಡಿಯ ಡಬ್ಬಿಯನ್ನು ಫ್ರಿಜ್ಜಿನ ಹಿಂದಕ್ಕೆ ಸರಿಸಿ, ಅದು ಉಷ್ಣ ಎಂದೆ. ಶೇಂಗಾ ಚಟ್ನಿಪುಡಿಯನ್ನು ಪಿತ್ತ ಎಂದು ಮೇಲಿನ ಕಪಾಟಿಗೆ ಏರಿಸಿದೆ. ಕೆಳಗಿನ ಮನೆಯ ಮರಾಠಿ ಅಜ್ಜಿ ಬಂದು ಮಗುವನ್ನು ನೋಡಿ, ತೊಗರಿಬೇಳೆ ನಿಲ್ಲಿಸಿ ಎಂದರು. ಮಗಳು ತಾನೇ ಕಂಪ್ಯೂಟರಿನಲ್ಲಿ ಏನೋ ಓದಿ ಹಾಲು, ಮೊಸರು, ಚಹಾ ಬಿಟ್ಟಳು. ಹೀಗೆ ಒಬ್ಬೊಬ್ಬರು ಒಂದೊಂದನ್ನು ತೆಗೆದು ತೆಗೆದು, ಕೊನೆಗೆ ಬಾಣಂತಿಯ ತಟ್ಟೆಯಲ್ಲಿ ಕುಚ್ಚಿಲಕ್ಕಿ ಗಂಜಿ ಮತ್ತು ಉಪ್ಪು ಮಾತ್ರ ಉಳಿಯಿತು. ಮಗು ಕಾರುವುದು ಮಾತ್ರ ನಿಲ್ಲಲಿಲ್ಲ.

ಒಂದು ಮಧ್ಯಾಹ್ನ ಅವಳು ಗಂಜಿಯಲ್ಲಿ ಚಮಚ ಆಡಿಸುತ್ತಾ ಕೇಳಿದಳು. "ಅಮ್ಮ, ಇವನಿಗೆ ನನ್ನ ಹಾಲೇ ಸೂಟ್ ಆಗ್ತಾ ಇಲ್ಲ ಅಲ್ವಾ? ಸಚ್ ಬೋಲ್ ನಾ. ನನ್ನಿಂದಲೇ ಅಲ್ವಾ?"

"ನಾನ್‌ಸೆನ್ಸ್," ಎಂದೆ. ಹಾಗೆಂದು ಅವಳ ತಟ್ಟೆಯ ಪಕ್ಕದಲ್ಲಿ ಇನ್ನೂ ಉಳಿದಿದ್ದ ಒಂದು ಹಪ್ಪಳವನ್ನೂ ಎತ್ತಿಕೊಂಡು ಒಳಗೆ ಹೋದೆ.

ನಾನು ಓದಿದ್ದು ಮಂಗಳೂರಿನ ಒಂದು ಕಾನ್ವೆಂಟಿನಲ್ಲಿ. ಅಲ್ಲಿ ಸಿಸ್ಟರುಗಳು ನಮಗೆ ಗ್ರಾಮರಿಗಿಂತ ಚೆನ್ನಾಗಿ ಕಲಿಸಿದ್ದು ಒಂದೇ: ನೋ ಫಸ್, ಗರ್ಲ್ಸ್. ಬಿದ್ದು ಮೊಣಕಾಲು ಒಡೆದರೂ ಎದ್ದು, ಫ್ರಾಕು ಕೊಡವಿ, ಲೈನಿನಲ್ಲಿ ನಿಲ್ಲಬೇಕು. ಆ ದಿನಗಳಲ್ಲಿ ನಾನು ಹಾಗೆಯೇ ಲೈನಿನಲ್ಲಿ ನಿಂತಿದ್ದೆ ಅನಿಸುತ್ತದೆ. ಎಡಹೆಗಲ ಮೇಲೆ ಒಂದು ಟವೆಲು ಸದಾ. ಕಾರಿದ ಕೂಡಲೇ ಒರೆಸುವುದು, ನೆನೆಹಾಕುವುದು, ಹಿಂಡುವುದು, ಹರವುವುದು. ಬಾಲ್ಕನಿಯ ಹಗ್ಗದ ಮೇಲೆ ಟವೆಲುಗಳು ಹೆಚ್ಚಾಗುತ್ತಾ ಹೋದವು, ಅವನು ಒದ್ದೆ ಮಾಡಿದ ಲಂಗೋಟಿಗಳು ಕಡಿಮೆಯಾಗುತ್ತಾ ಹೋದವು. ಮೊಮ್ಮಗನ ತೊಡೆಯ ಚರ್ಮ ಸಡಿಲವಾಯಿತು. ಎತ್ತಿಕೊಂಡಾಗ ಕೈಗೆ ಭಾರ ಸಿಗುತ್ತಿರಲಿಲ್ಲ. ಎಲ್ಲವೂ ಕಣ್ಣಿಗೆ ಕಾಣುತ್ತಿತ್ತು. ಮನಸ್ಸಿನ ಒಳಗೆ ಏನೂ ಹೋಗುತ್ತಿರಲಿಲ್ಲ. ಹಲ್ಲು ಕೀಳುವ ಮೊದಲು ಕೊಟ್ಟ ಇಂಜೆಕ್ಷನ್ ಇಳಿಯದ ಹಾಗೆ.

ಭಾನುವಾರ ಬೀಗಿತ್ತಿ ಮಗನ ಜೊತೆ ಬಂದರು. ಇಸ್ತ್ರಿ ಹಾಕಿದ ಇಳಕಲ್ ಸೀರೆ, ಕೈಯಲ್ಲಿ ಮತ್ತೊಂದು ಡಬ್ಬಿ. ಫೋನಿನಲ್ಲಿ ಕೇಳಿದ್ದರೇ ಹೊರತು ಮಗು ಕಾರುವುದನ್ನು ಅವರು ಕಣ್ಣಾರೆ ನೋಡಿರಲಿಲ್ಲ. ಮಗಳು ಕುಡಿಸಿ ಕೊಟ್ಟ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಸೆಕೆಯೆಂದು ಅದರ ಅಂಗಿ ಮೇಲೆ ಸರಿಸಿದರು.

"ಬೀಗ್ತೇರ, ಇಲ್ಲೆ ಬರ್ರಿ. ಹೊಟ್ಟಿ ನೋಡ್ರಿ."

ನೋಡಿದೆ. ತೆಳ್ಳಗಿನ ಹೊಟ್ಟೆಯ ಚರ್ಮದ ಕೆಳಗೆ ಒಂದು ಉಬ್ಬು ಎಡದಿಂದ ಬಲಕ್ಕೆ ನಿಧಾನವಾಗಿ ಸರಿಯಿತು. ಚಾದರದ ಕೆಳಗೆ ಯಾರೋ ಮುಷ್ಟಿ ಸರಿಸಿದ ಹಾಗೆ. ಮತ್ತೊಂದು ಬಂತು. ಆಮೇಲೆ ಹಣೆ ಮುದುಡಿತು, ಕಾಲು ಸೆಟೆಯಿತು, ಹಾಲು ಬೀಗಿತ್ತಿಯ ಎದೆಯಿಂದ ಗಲ್ಲದವರೆಗೆ ಚಿಮ್ಮಿತು.

ಅವರು ಒರೆಸಿಕೊಳ್ಳಲಿಲ್ಲ. ನಾನು ಟವೆಲು ಚಾಚಿದರೂ ತೆಗೆದುಕೊಳ್ಳಲಿಲ್ಲ. ಮಗುವನ್ನೇ ನೋಡುತ್ತಾ, "ಇದು ತಿನ್ನೂ ಉಣ್ಣೂ ಮಾತಲ್ರಿ," ಎಂದರು. ಆಮೇಲೆ ಮಗನ ಕಡೆ ತಿರುಗಿ, "ಗಾಡಿ ತಗೀಪಾ," ಎಂದರು.

ಅಳಿಯ ಯಾರಿಗೋ ಫೋನ್ ಮಾಡಿ, ಮಕ್ಕಳ ಸರ್ಜನ್ ಇರುವ ಒಂದು ಆಸ್ಪತ್ರೆ ವಾಶಿಯಲ್ಲಿದೆ ಎಂದು ತಿಳಿದುಕೊಂಡ. ಶೀಳ್ ಫಾಟಾದ ಹತ್ತಿರ ಲಾರಿಗಳ ಸಾಲಿನಲ್ಲಿ ಗಾಡಿ ನಿಂತುಬಿಟ್ಟಿತು. ಬೀಗಿತ್ತಿ ಸೀರೆಯ ಮೇಲೆ ಒಣಗಿದ ಹಾಲನ್ನು ಉಗುರಿನಿಂದ ಕೆರೆಯುತ್ತಿದ್ದರು. ನಾನು ಮುಂದಿನ ಲಾರಿಯ ಹಿಂದೆ ಬರೆದದ್ದನ್ನು ಓದಿದೆ, ಮತ್ತೆ ಓದಿದೆ. ಏನು ಬರೆದಿತ್ತು ಎಂದು ಈಗ ಕೇಳಿದರೆ ಹೇಳಲಾರೆ.

ಸರ್ಜನ್ ವಯಸ್ಸಾದವರು, ಮೆಲುದನಿಯವರು. ಎಲ್ಲ ಕೇಳಿದರು. ವಾಂತಿ ಹಸಿರೋ ಬಿಳಿಯೋ, ಎಷ್ಟು ದೂರ ಹೋಗುತ್ತದೆ, ಕಾರಿದ ಮೇಲೆ ಹಸಿವು ಇದೆಯೋ. ಬಿಳಿ, ಕಪಾಟಿನ ತನಕ, ಇದೆ ಎಂದು ನಾನು ಕ್ಲಾಸಿನಲ್ಲಿ ಎದ್ದು ನಿಂತವಳ ಹಾಗೆ ಉತ್ತರ ಕೊಟ್ಟೆ. ಅವರು ಮಗಳಿಗೆ ಹೇಳಿದರು, "ಬೇಟಾ, ಈಗ ಇಲ್ಲೇ ಹಾಲು ಕೊಡಿ. ಕುಡಿಯುವಾಗ ನಾನು ಹೊಟ್ಟೆ ಮುಟ್ಟಿ ನೋಡಬೇಕು."

ಮಗಳು ನನ್ನನ್ನು ನೋಡಿದಳು. ನನ್ನ ಹೆಗಲ ಟವೆಲಿನ ಒಂದು ತುದಿ ನಾನು ಹಿಡಿದೆ, ಇನ್ನೊಂದು ತುದಿಯನ್ನು ಕೇಳದೆಯೇ ಬೀಗಿತ್ತಿ ಹಿಡಿದರು. ಹುಳಿವಾಸನೆಯ ಆ ಪರದೆಯ ಹಿಂದೆ ಮಗು ಕುಡಿಯಿತು. ಡಾಕ್ಟರರ ಕೈ ಕೆಳಗಿನಿಂದ ಒಳಗೆ ಹೋಯಿತು, ಕಣ್ಣು ಮಾತ್ರ ಗೋಡೆಯ ಮೇಲಿತ್ತು. ಬಹಳ ಹೊತ್ತು ಬೆರಳುಗಳು ಹುಡುಕಿದವು. ಆಮೇಲೆ ನಿಂತವು.

"ಸಿಕ್ಕಿತು," ಎಂದರು. ಸಣ್ಣ ನೆಲ್ಲಿಕಾಯಿಯಷ್ಟು ಗಂಟು. ಹೊಟ್ಟೆಯಿಂದ ಕರುಳಿಗೆ ಹೋಗುವ ದಾರಿಯಲ್ಲಿ ಒಂದು ಮಾಂಸದ ಬಳೆ ಇರುತ್ತದಂತೆ. ಕೆಲವು ಮಕ್ಕಳಿಗೆ ಅದು ದಪ್ಪವಾಗಿ ದಾರಿ ಮುಚ್ಚುತ್ತದಂತೆ. ಸೋನೋಗ್ರಫಿ ಮಾಡಿ ಖಚಿತ ಮಾಡಿಕೊಳ್ಳೋಣ, ಆಪರೇಷನ್ ಆಗಲೇಬೇಕು, ಆದರೆ ಇವತ್ತಲ್ಲ; ಕಾರಿ ಕಾರಿ ಮೈಯ ಉಪ್ಪುನೀರು ಹೋಗಿದೆ, ಮೊದಲು ಅದನ್ನು ಡ್ರಿಪ್ಪಿನಲ್ಲಿ ತುಂಬಬೇಕು ಎಂದರು. ಇನ್ನೂ ತಡವಾಗಿದ್ದರೆ ಎಂದು ಅಳಿಯ ಕೇಳಿದ. "ತಡವಾಗಿಲ್ಲ," ಎಂದಷ್ಟೇ ಹೇಳಿದರು.

ಆಗ ಬೀಗಿತ್ತಿ ತಮ್ಮ ಹಿಂದಿಯಲ್ಲಿ ಮೀನಿನ ವಿಷಯ ಕೇಳಿಯೇ ಬಿಟ್ಟರು. "ಡಾಕ್ಟರ್ ಸಾಬ್, ಯೇ ಮಛಲಿ ಖಾತೀ ಥೀ. ಉಸ್ಸೇ ಹುವಾ ಕ್ಯಾ?"

ನಾನು ಬಿಡಲಿಲ್ಲ. "ಆ್ಯಂಡ್ ಗ್ರೌಂಡ್‌ನಟ್ಸ್, ಡಾಕ್ಟರ್. ದೇ ಸೆಂಟ್ ಎ ಲಾಟ್ ಆಫ್ ಗ್ರೌಂಡ್‌ನಟ್ಸ್."

ಅವರು ನಮ್ಮಿಬ್ಬರನ್ನೂ ನೋಡಿ, ಮಗಳ ಕಡೆ ತಿರುಗಿದರು. "ನೀವು ಈಗ ಏನು ತಿನ್ನುತ್ತಿದ್ದೀರಿ?"

"ಗಂಜಿ."

"ಮತ್ತೆ?"

ಅವಳು ಸ್ವಲ್ಪ ಯೋಚಿಸಿ, "ನಮಕ್," ಎಂದಳು.

ಡಾಕ್ಟರರು ಪೆನ್ನು ಕೆಳಗಿಟ್ಟರು. ತಾಯಿ ತಿಂದದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲ, ಅವಳ ಹಾಲಿಗೂ ಇಲ್ಲ ಎಂದು ಒಂದೊಂದೇ ಶಬ್ದವಾಗಿ ಹೇಳಿದರು. ಹೇಳಿದ್ದು ಅವಳಿಗಲ್ಲ, ನಮಗೆ. ಮಗಳು ತಲೆಯಾಡಿಸಿದಳು. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. ಅಷ್ಟು ದಿನದಿಂದ ನಂಬಿದ್ದನ್ನು ಒಂದು ಮಾತಿಗೆ ಬಿಡಲು ಆಗುತ್ತದೆಯೇ?

ಡ್ರಿಪ್ಪಿನ ದಿನಗಳಲ್ಲಿ ಮಗುವಿಗೆ ಬಾಯಿಗೆ ಏನೂ ಕೊಡುವಂತಿರಲಿಲ್ಲ. ಅವನು ತನ್ನ ಮುಷ್ಟಿ ಚೀಪಿದ. ಮಗಳ ಎದೆ ಕಲ್ಲಾಯಿತು. ವಾರ್ಡಿನ ಮೂಲೆಯ ಬೇಸಿನ್ನಿನ ಮುಂದೆ ನಿಂತು ಹಾಲು ಹಿಂಡಿ, ನಲ್ಲಿ ತಿರುಗಿಸಿ ನೀರು ಬಿಡುತ್ತಿದ್ದಳು. ಬಿಳಿನೀರು ಸುತ್ತಿ ಇಳಿದುಹೋಗುತ್ತಿತ್ತು. ನಾನು ಅವಳ ಸೆರಗು ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದೆ. ತಿನ್ನು ಎಂದರೆ ತಿನ್ನುತ್ತಿರಲಿಲ್ಲ. ಮೊದಲು ಅವನ ಹೊಟ್ಟೆಯಲ್ಲಿ ನಿಲ್ಲಲಿ ಎನ್ನುತ್ತಿದ್ದಳು.

ಆಪರೇಷನ್ನಿನ ದಿನ ಬೆಳಿಗ್ಗೆ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದೆವು. ಎದುರಿನವರ ಚೀಲದಲ್ಲಿ ಮಾರ್ಕೆಟ್ಟಿನಿಂದ ತಂದ ಕೊತ್ತಂಬರಿ ಇತ್ತು. ಆ ವಾಸನೆ ಇವತ್ತಿಗೂ ನೆನಪಿದೆ. ಬೀಗಿತ್ತಿ ನನಗೆ ಅಂಟಿನ ಉಂಡಿ ಮಾಡುವುದನ್ನು ಹೇಳಿದರು. ಅಂಟನ್ನು ತುಪ್ಪದಲ್ಲಿ ಅರಳಿಸಬೇಕು, ಉರಿ ಸಣ್ಣಗಿರಬೇಕು, ಒಣಖೊಬ್ಬರಿ ತುರಿದು ಹುರಿಯಬೇಕು.

"ಖೊಬ್ಬರಿ ಅಂದರೆ ತೆಂಗಿನಕಾಯಿಯೇ ಅಲ್ಲವಾ?" ಎಂದೆ.

"ಒಣಗಿದ್ದು ಬ್ಯಾರೆ ಬಿಡ್ರಿ," ಎಂದರು.

ನಾನು ಹ್ಞೂಂ ಎಂದೆ. ಪರೀಕ್ಷೆಗೆ ಬರುತ್ತದೆ ಎಂಬಂತೆ ಕೇಳಿಸಿಕೊಂಡೆ. ಬೆಲ್ಲದ ಪಾಕಕ್ಕೆ ಬಂದಾಗ ಡಾಕ್ಟರರು ಹೊರಗೆ ಬಂದರು. ದಾರಿ ತೆರೆದಿದೆ, ಮಗು ಚೆನ್ನಾಗಿದೆ ಎಂದರು. ಬೀಗಿತ್ತಿ ಪಾಕವನ್ನು ಅಲ್ಲಿಗೇ ಬಿಟ್ಟು ಕೈ ಮುಗಿದರು. ನಾನು "ಥ್ಯಾಂಕ್ ಯೂ, ಡಾಕ್ಟರ್" ಎಂದೆ, ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟವರಿಗೆ ಹೇಳುವಷ್ಟೇ ಸ್ವರದಲ್ಲಿ.

ಮಧ್ಯಾಹ್ನ ನರ್ಸ್ ಮಗಳ ಹಾಲನ್ನೇ ಒಳಲೆಯಲ್ಲಿ ಹಾಕಿ ಗುಟುಕು ಗುಟುಕಾಗಿ ಕುಡಿಸಿದಳು. ಅವನು ಸ್ವಲ್ಪ ಕಾರಿದ. ಮಗಳು ಗೋಡೆಯ ಕಡೆ ತಿರುಗಿಬಿಟ್ಟಳು. "ಒಂದೆರಡು ಸಲ ಆಗುತ್ತದೆ ತಾಯಿ, ಹೊಟ್ಟೆ ಊದಿಕೊಂಡಿದೆಯಲ್ಲ," ಎಂದು ನರ್ಸ್ ಹಿಂದಿಯಲ್ಲಿ ಹೇಳಿ ಹೋದಳು. ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಮತ್ತೆ ಕುಡಿಸಿದಳು. ನಾವು ಅವನ ಹಣೆಯನ್ನೇ ನೋಡುತ್ತಾ ನಿಂತೆವು. ನಾನು ಟವೆಲನ್ನು ಎರಡೂ ಕೈಯಲ್ಲಿ ಬಿಡಿಸಿ ಹಿಡಿದಿದ್ದೆ. ಹಣೆ ಮುದುಡಲಿಲ್ಲ. ಅವನು ಆಕಳಿಸಿ, ಬಾಯಿ ಮುಚ್ಚಿ, ನಿದ್ದೆ ಹೋದ. ಅವನ ಹೊಟ್ಟೆ ತುಂಬಿದ ನಿದ್ದೆ ಹೇಗಿರುತ್ತದೆ ಎಂದು ನಾವು ಮರೆತಿದ್ದೆವು.

ಮಾರನೆಯ ದಿನ ಪ್ರತಿ ಸಲವೂ ಹಾಲು ನಿಂತಿತು. ಆಗ ಮಗಳು, "ಅಮ್ಮ, ಭೂಖ್ ಲಗಿ ಹೈ," ಎಂದಳು.

"ಎಂತ ಬೇಕು?"

ಅತ್ತೆಯ ಮುಖ ನೋಡಿ, ಆಮೇಲೆ ನೆಲ ನೋಡಿ ಹೇಳಿದಳು. "ಬಂಗುಡೆ."

ಬೀಗಿತ್ತಿಯೇ ಮಗನಿಗೆ, "ಹೋಗಿ ತೊಗೊಂಡು ಬಾಪಾ," ಎಂದರು. ನನ್ನ ಕಡೆ ತಿರುಗಿ, "ನಾ ಆ ಕಿಟಕಿ ಕಡೆ ಕುಂಡರ್ತೇನ್ರಿ," ಎಂದರು.

ಜನ್ಮದಲ್ಲಿ ಮೀನು ಮುಟ್ಟದ ಅಳಿಯ ವಾಶಿ ಸ್ಟೇಷನ್ ಹತ್ತಿರದ, ನಮ್ಮ ಕಡೆಯವರ ಮೀನಿನ ಹೋಟೆಲಿನಿಂದ ಒಂದು ಪಾರ್ಸೆಲ್ ತಂದ, ಸೋರುವ ಬಾಂಬಿನ ಹಾಗೆ ತೋಳು ಉದ್ದ ಮಾಡಿ ಹಿಡಿದುಕೊಂಡು. ವಾರ್ಡಿನ ಹೊರಗೆ ಜೊತೆಯವರು ಕೂರುವ ಕೋಣೆಯಲ್ಲಿ ಮಗಳು ತಟ್ಟೆ ಹಿಡಿದು ಕೂತಳು. ಅನ್ನ, ಕೆಂಪು ಸಾರು, ಎರಡು ಬಂಗುಡೆ. ಬೀಗಿತ್ತಿ ಬಂದು, ಮುಖ ಆ ಕಡೆ ತಿರುಗಿಸಿಕೊಂಡೇ ತಟ್ಟೆಯ ಅಂಚಿಗೆ ಒಂದು ಅಂಟಿನ ಉಂಡಿ ಇಟ್ಟು, ಕಿಟಕಿಯ ಹತ್ತಿರ ಹೋಗಿ ಸೆರಗಿನಿಂದ ಮೂಗು ಮುಚ್ಚಿ ಕೂತರು. ಮಗಳು ತಿಂದಳು. ಸಾರು ತಾಗಿದ ಉಂಡಿಯನ್ನೂ ತಿಂದಳು.

ಸೆರಗಿನ ಒಳಗಿನಿಂದಲೇ ಬೀಗಿತ್ತಿಯ ದನಿ ಬಂತು. "ಸಾವಕಾಶ ತಿನ್ನವಾ. ಮುಳ್ಳಿರ್ತಾವಂತ."

ಖಾಲಿ ತಟ್ಟೆಯನ್ನು ನಾನು ತೆಗೆದುಕೊಂಡು ಹೋದೆ. ವಾರ್ಡಿನ ಮೂಲೆಯ ಅದೇ ಬೇಸಿನ್ನು. ಮುಳ್ಳನ್ನು ಕಾಗದಕ್ಕೆ ಸುತ್ತಿ ಪಕ್ಕಕ್ಕಿಟ್ಟು ನಲ್ಲಿ ತಿರುಗಿಸಿದೆ. ಕೆಂಪುನೀರು ಸುತ್ತಿ ಇಳಿಯಿತು. ತಟ್ಟೆ ಸ್ವಚ್ಛವಾದ ಮೇಲೂ ನಾನು ತೊಳೆಯುತ್ತಲೇ ಇದ್ದೆ. ತಟ್ಟೆ ಬೇಸಿನ್ನಿನ ಅಂಚಿಗೆ ತಾಗಿ ಸದ್ದು ಮಾಡುತ್ತಿತ್ತು. ಮಗು ಎದ್ದೀತೆಂದು ನಲ್ಲಿ ನಿಲ್ಲಿಸಿ, ಹೆಗಲ ಮೇಲಿನ ಟವೆಲು ತೆಗೆದು ತಟ್ಟೆ ಒರೆಸಿದೆ. ಟವೆಲು ಒಣಗಿತ್ತು.